ಮೀನಿನ ನೀಲಿ ಎಲ್ಲಿ ಹೋಯಿತು?

ಹೂಂ ಅನ್ನೋರಿಗೆ ಕಥೆ, ಊಹೂಂ ಅನ್ನೋರಿಗೆ ಹಾಸಿಗೆ. ಹೂಂ ಅಂತೀರಲ್ಲ? ಹಾಗಾದರೆ ಕೇಳಿ.

ಹುಬ್ಬಳ್ಳಿಯಲ್ಲಿ ಒಂದು ಓಣಿ. ಓಣಿಯಲ್ಲಿ ಒಂದು ಮನೆ. ಮನೆಯಲ್ಲಿ ಒಂದು ಗಾಜಿನ ತೊಟ್ಟಿ. ತೊಟ್ಟಿಯ ತುಂಬ ಉಪ್ಪು ನೀರು. ಹುಬ್ಬಳ್ಳಿಗೆ ಕಡಲು ಹೇಗೆ ಬಂತು ಅಂತ ಕೇಳಬೇಡಿ. ಆ ಮನೆಯ ಹುಡುಗಿ ದಾನಿ. ಅವಳ ಅವ್ವ ನೀರಿಗೆ ಕಡಲಿನ ಉಪ್ಪು ಕಲಸಿ, ಮನೆಯಲ್ಲೇ ಒಂದು ಪುಟ್ಟ ಕಡಲು ಮಾಡಿದ್ದಳು.

ಒಂದು ದಿನ ಅವ್ವ ಅಂಗಡಿಯಿಂದ ಒಂದು ಮೀನು ತಂದಳು. ಒಂದು ಸಿಗಡಿ ತಂದಳು. ಅಂಗಡಿಯಲ್ಲಿ ಮೀನು ನೀಲಿ ಅಂದರೆ ನೀಲಿ. ಸಿಗಡಿಯ ಮೀಸೆ ಆ ಕಡೆ, ಈ ಕಡೆ. ಪ್ಲಾಸ್ಟಿಕ್ ಚೀಲದಲ್ಲಿ ಕುಲುಕುತ್ತ ಕುಲುಕುತ್ತ ಎರಡೂ ಮನೆಗೆ ಬಂದವು. ಅವ್ವ ಚೀಲವನ್ನು ತೊಟ್ಟಿಯಲ್ಲಿ ತೇಲಿಬಿಟ್ಟಳು. ಆ ನೀರಿನ ತಂಪು, ಈ ನೀರಿನ ತಂಪು ಒಂದಾಯಿತು. ಆಮೇಲೆ ಚೀಲದ ನೀರಿನ ಸಮೇತ ಎರಡನ್ನೂ ಒಂದು ಬಕೆಟ್ಟಿಗೆ ಇಳಿಸಿದಳು. ಅಷ್ಟರಲ್ಲಿ ಜೋಲಿಯಲ್ಲಿ ಕೂಸು ಅತ್ತಿತು. ಅವ್ವ ಅತ್ತ ಓಡಿದಳು.

ದಾನಿ ಬಕೆಟ್ಟಿನಲ್ಲಿ ಬಗ್ಗಿ ನೋಡಿದಳು. ಮೀನಿನ ನೀಲಿಯೇ ಇಲ್ಲ! ಮೀನು ಬೂದಿ ಬಣ್ಣಕ್ಕೆ ತಿರುಗಿ ತಳದಲ್ಲಿ ಒರಗಿತ್ತು. ಸಿಗಡಿ ಮೀಸೆ ಮಡಚಿ ಕೂತಿತ್ತು. ಮೀನು ಸತ್ತುಹೋದರೆ?

"ಮೀನಪ್ಪಾ ಮೀನಪ್ಪಾ, ನಿನ್ನ ನೀಲಿ ಎಲ್ಲಿ?"

ಮೀನು ಹೇಳಿತು, "ಅಂಜಿ ಒಳಗ ಅಡಗೇತಿ. ನನ್ನ ನೀರು ಬ್ಯಾರೆ, ನಿಮ್ಮ ನೀರು ಬ್ಯಾರೆ. ನಿಮ್ಮ ತೊಟ್ಟಿ ನೀರು ನನ್ನ ಹತ್ರ ಬರಲಿ. ನೀಲಿ ಕೊಡತೀನಿ."

ಸಿಗಡಿ ಹೇಳಿತು, "ನಾನೂ ಮೀಸಿ ಆಡಸ್ತೀನಿ."

ದಾನಿ ತೊಟ್ಟಿಯ ನೀರಿನ ಹತ್ತಿರ ಹೋದಳು.

"ನೀರವ್ವಾ ನೀರವ್ವಾ, ಬಕೆಟ್ಟಿಗೆ ಹೋಗು. ಸಿಗಡಿ ಮೀಸಿ ಆಡಸವಲ್ಲದು, ಮೀನು ನೀಲಿ ಕೊಡವಲ್ಲದು."

ನೀರು ಹೇಳಿತು, "ಹೋಗಂಗಿಲ್ಲ. ಒಮ್ಮೆಲೆ ಧಬಕ್ಕಂತ ಹೋದ್ರ ಮೀನಿಗೆ ತಲಿ ತಿರುಗತೈತಿ. ಸಿಗಡಿ ಅದಕ್ಕಿಂತ ನಾಜೂಕು. ನಾ ಹನಿ ಹನಿ ಹೋಗಬೇಕು. ಪೈಪಣ್ಣನ್ನ ಕೇಳು."

ದಾನಿ ಸಣ್ಣ ಪೈಪಿನ ಹತ್ತಿರ ಹೋದಳು.

"ಪೈಪಣ್ಣಾ ಪೈಪಣ್ಣಾ, ಹನಿ ಹನಿಸು. ನೀರು ಹೋಗವಲ್ಲದು, ಸಿಗಡಿ ಮೀಸಿ ಆಡಸವಲ್ಲದು, ಮೀನು ನೀಲಿ ಕೊಡವಲ್ಲದು."

ಪೈಪು ಹೇಳಿತು, "ಹನಿಸಂಗಿಲ್ಲ. ನನಗ ಸುರಿಯೂದಷ್ಟ ಗೊತ್ತು. ಹನಿಸಬೇಕಂದ್ರ ನನ್ನ ನಡಕ್ಕ ಒಂದು ಗಂಟು ಬೇಕು. ನಿಮ್ಮವ್ವನ್ನ ಕೇಳು."

ದಾನಿ ಅವ್ವನ ಹತ್ತಿರ ಹೋದಳು.

"ಅವ್ವಾ ಅವ್ವಾ, ಗಂಟು ಹಾಕು. ಪೈಪು ಹನಿಸವಲ್ಲದು, ನೀರು ಹೋಗವಲ್ಲದು, ಸಿಗಡಿ ಮೀಸಿ ಆಡಸವಲ್ಲದು, ಮೀನು ನೀಲಿ ಕೊಡವಲ್ಲದು."

ಅವ್ವ ಹೇಳಿದಳು, "ಹ್ಯಾಂಗ ಹಾಕಲವಾ? ಎರಡೂ ಕೈ ಜೋಲಿ ಮ್ಯಾಲೆ ಅದಾವ. ಕೈ ಬಿಟ್ರ ಚೀರತೈತಿ. ಕೂಸಿನ್ನ ಕೇಳು."

ದಾನಿ ಜೋಲಿಯಲ್ಲಿ ಇಣುಕಿದಳು.

"ಕೂಸಪ್ಪಾ ಕೂಸಪ್ಪಾ, ಮಲಗು. ಅವ್ವ ಗಂಟು ಹಾಕವಲ್ಲಳು, ಪೈಪು ಹನಿಸವಲ್ಲದು, ನೀರು ಹೋಗವಲ್ಲದು, ಸಿಗಡಿ ಮೀಸಿ ಆಡಸವಲ್ಲದು, ಮೀನು ನೀಲಿ ಕೊಡವಲ್ಲದು."

ಕೂಸಿಗೆ ಇನ್ನೂ ಮಾತು ಬರುತ್ತಿರಲಿಲ್ಲ. ಆದರೆ ತಮ್ಮನ ಅಳು ದಾನಿಗೆ ಚೆನ್ನಾಗಿ ತಿಳಿಯುತ್ತಿತ್ತು. "ಉವ್ವೇ" ಅಂದರೆ "ಮಲಗಂಗಿಲ್ಲ." "ಉವ್ವೇ ಉವ್ವೇ" ಅಂದರೆ "ದೀಪ ಕಣ್ಣಾಗ ಚುಚ್ಚತೈತಿ. ದೀಪವ್ವನ್ನ ಕೇಳು."

ದಾನಿ ತೊಟ್ಟಿಯ ಮೇಲಿನ ದೀಪದ ಹತ್ತಿರ ಹೋದಳು.

"ದೀಪವ್ವಾ ದೀಪವ್ವಾ, ಆರು. ಕೂಸು ಮಲಗವಲ್ಲದು, ಅವ್ವ ಗಂಟು ಹಾಕವಲ್ಲಳು, ಪೈಪು ಹನಿಸವಲ್ಲದು, ನೀರು ಹೋಗವಲ್ಲದು, ಸಿಗಡಿ ಮೀಸಿ ಆಡಸವಲ್ಲದು, ಮೀನು ನೀಲಿ ಕೊಡವಲ್ಲದು."

ದೀಪ ಹೇಳಿತು, "ಆರಂಗಿಲ್ಲ. ಕಿಟಕಿ ತುಂಬ ಮಕ್ಕಳು ನಿಂತಾರ. ಮನಿಗೆ ಮಂದಿ ಬಂದಾಗ ಯಾರಾದ್ರೂ ದೀಪ ಆರಸ್ತಾರೇನು? ಮೊದಲ ಅವರು ನೋಡೂದು ಬಿಡಲಿ."

ದಾನಿ ಕಿಟಕಿಯ ಹತ್ತಿರ ಹೋದಳು. ಖಾಜಾ ಇದ್ದ. ಗುರ್ಯಾ ಇದ್ದ. ಸಾವಕ್ಕ ಇದ್ದಳು. ಎಲ್ಲರಿಗಿಂತ ಚಿಕ್ಕವಳು ಜೈನಬಿ, ಸರಳು ಹಿಡಿದು ತುದಿಗಾಲಲ್ಲಿ ನಿಂತಿದ್ದಳು.

"ಮಕ್ಕಳ್ರ್ಯಾ ಮಕ್ಕಳ್ರ್ಯಾ, ನೋಡೂದು ಬಿಡ್ರಿ. ದೀಪ ಆರವಲ್ಲದು, ಕೂಸು ಮಲಗವಲ್ಲದು, ಅವ್ವ ಗಂಟು ಹಾಕವಲ್ಲಳು, ಪೈಪು ಹನಿಸವಲ್ಲದು, ನೀರು ಹೋಗವಲ್ಲದು, ಸಿಗಡಿ ಮೀಸಿ ಆಡಸವಲ್ಲದು, ಮೀನು ನೀಲಿ ಕೊಡವಲ್ಲದು."

ಖಾಜಾ ಹೇಳಿದ, "ಬಿಡಂಗಿಲ್ಲ. ನಮ್ಮನಿಗೆ ನೀಲಿ ಮೀನು ಬರತೈತಿ, ನೋಡಾಕ ಬರ್ರಿ ಅಂತ ಓಣಿ ತುಂಬ ಡಂಗುರ ಸಾರಿದಾಕಿ ಯಾರು? ನೀನೇ ಅಲ್ಲೇನು? ನೀಲಿ ತೋರ್ಸು, ಹೋಗತೀವಿ."

ಹೌದು, ಸಾರಿದವಳು ದಾನಿಯೇ. ಈಗ ಏನು ಮಾಡಬೇಕು? ನೀಲಿ ಕಂಡರೆ ಮಕ್ಕಳು ಹೋಗುತ್ತಾರೆ. ಮಕ್ಕಳು ಹೋದರೆ ನೀಲಿ ಕಾಣುತ್ತದೆ. ಗಾಣದ ಎತ್ತು ಸುತ್ತಿದ ಹಾಗೆ ಸುತ್ತಿ ಸುತ್ತಿ ಅಲ್ಲಿಗೇ ಬಂತು. ದಾನಿ ನೆಲಕ್ಕೆ ಕೂತು ಅತ್ತಳು.

"ಮೀನು ಸಾಯತೈತಿ ನೋಡ್ರಿ. ನನಗ ಭಾಳ ಅಂಜಿಕಿ ಬಂದೈತಿ."

ಆಗ ಜೈನಬಿ ಮೆಲ್ಲಗೆ ಹೇಳಿದಳು, "ನಾ ಸಾಲಿಗೆ ಹೊಸದಾಗಿ ಹೋದೆ ಅಲ್ಲ? ಎಲ್ಲಾರೂ ನನ್ನ ಮಾರಿನೇ ನೋಡಿದ್ರು. ಹೆಸರೇನು ಅಂತ ಟೀಚರ್ ಕೇಳಿದ್ರು. ನನ್ನ ಹೆಸರು ನನಗೇ ಬರಲಿಲ್ಲ. ಎಲ್ಲಾರೂ ಆ ಕಡೆ ತಿರುಗಿದ ಮ್ಯಾಲೆ ಬಂತು."

ಹಾಗೆಂದವಳೇ ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡಳು.

ಸಾವಕ್ಕ ಅವಳನ್ನು ನೋಡಿದಳು. ತಾನೂ ಕಣ್ಣು ಮುಚ್ಚಿಕೊಂಡಳು. ಗುರ್ಯಾ ಮುಚ್ಚಿಕೊಂಡ. ಖಾಜಾ ಬೆರಳ ಸಂದಿಯಿಂದ ಸ್ವಲ್ಪ ನೋಡಿದ, ಆಮೇಲೆ ಅವನೂ ಬಿಗಿಯಾಗಿ ಮುಚ್ಚಿಕೊಂಡ.

ಮಕ್ಕಳು ಕಣ್ಣು ಮುಚ್ಚಿದರು, ದೀಪ ಆರಿತು. ದೀಪ ಆರಿತು, ಕೂಸು ಮಲಗಿತು. ಕೂಸು ಮಲಗಿತು, ಅವ್ವ ಬಂದು ಗಂಟು ಹಾಕಿದಳು. ಅವ್ವ ಗಂಟು ಹಾಕಿದಳು, ಪೈಪು ಹನಿಸಿತು. ಪೈಪು ಹನಿಸಿತು, ನೀರು ಹೋಯಿತು.

ಟಪ್. ಟಪ್. ಟಪ್.

"ಆತೇನು?" ಖಾಜಾ ಕೇಳಿದ.

"ಇನ್ನೂ ಇಲ್ಲ," ದಾನಿ ಅಂದಳು.

ಟಪ್. ಟಪ್. ಟಪ್.

"ಆತೇನು?" ಗುರ್ಯಾ ಕೇಳಿದ.

"ಹನಿ ಹನಿ ಕೂಡಿದ್ರ ಹಳ್ಳ. ಸಿಗಡಿಗೆ ಇನ್ನೂ ಒಗ್ಗಿಲ್ಲ, ತಡೀರಿ," ಅವ್ವ ಅಂದಳು.

ಟಪ್. ಟಪ್. ಟಪ್. ಬಕೆಟ್ಟು ಅರ್ಧ ತುಂಬಿತು. ಬಕೆಟ್ಟು ಮುಕ್ಕಾಲು ತುಂಬಿತು. ಸಿಗಡಿ ಒಂದು ಮೀಸೆ ಬಿಚ್ಚಿತು. ಇನ್ನೊಂದು ಮೀಸೆ ಬಿಚ್ಚಿತು. ಆ ಕಡೆ, ಈ ಕಡೆ ಆಡಿಸಿತು. ಅವ್ವ ಪುಟ್ಟ ಬಲೆಯಲ್ಲಿ ಮೀನನ್ನು ಎತ್ತಿ ತೊಟ್ಟಿಗೆ ಬಿಟ್ಟಳು. ಬಟ್ಟಲಲ್ಲಿ ಸಿಗಡಿಯನ್ನು ಹಿಡಿದು, ನೀರು ಬಸಿದು, ಮೆಲ್ಲಗೆ ತೊಟ್ಟಿಗೆ ಇಳಿಸಿದಳು. ಹಳೆಯ ನೀರು ಬಕೆಟ್ಟಿನಲ್ಲೇ ಉಳಿಯಿತು.

ಮೀನು ಕಲ್ಲಿನ ಮರೆಗೆ ಹೋಯಿತು. ದಾನಿ ಕಾದಳು. ಮೀನು ಕಿಟಕಿಯ ಬೆಳಕಿಗೆ ಹೊರಗೆ ಬಂತು. ಬಾಲದ ತುದಿಯಲ್ಲಿ ಒಂದು ಚೂರು ನೀಲಿ. ಆಮೇಲೆ ಹೊಟ್ಟೆಯ ಮೇಲೆ ನೀಲಿ. ಆಮೇಲೆ ಬೆನ್ನ ತುಂಬ ನೀಲಿ. ಮೀನು ನೀಲಿ ಅಂದರೆ ನೀಲಿ.

ದಾನಿಗೆ ಹೋದ ಜೀವ ಬಂದ ಹಾಗಾಯಿತು. ಅವ್ವನ ಸೆರಗಿನಲ್ಲಿ ಮುಖ ಒರೆಸಿಕೊಂಡು, ನಗುತ್ತ ಕಿಟಕಿಯ ಹತ್ತಿರ ಹೋದಳು. ಖಾಜಾ, ಗುರ್ಯಾ, ಸಾವಕ್ಕ, ಜೈನಬಿ, ನಾಲ್ಕೂ ಮಂದಿ ಇನ್ನೂ ಕಣ್ಣು ಮುಚ್ಚಿಯೇ ನಿಂತಿದ್ದರು.

"ಈಗ ನೋಡ್ರಿ," ದಾನಿ ಪಿಸುಗುಟ್ಟಿದಳು. "ಎಲ್ಲಾರೂ ಒಮ್ಮೆಲೆ ಅಲ್ಲ. ಒಬ್ಬೊಬ್ಬರಾಗಿ ನೋಡ್ರಿ. ಹನಿ ಹನಿ ನೋಡ್ರಿ. ಜೈನಬಿ, ಮೊದಲ ನೀನು."