ಸ್ತಮಾತಿಯ ಹಗ್ಗ

"ಕೇಳಿರಪ್ಪಾ ಕೇಳಿ! ಪೆಲೋರಾ ದ್ವೀಪದ ಒಡೆಯರಾದ ಬರ್ತೋಲ್ದೊ ದೊರೆಗಳ ಅಪ್ಪಣೆ. ದೊರೆಗಳ ಮೂರು ಒಗಟುಗಳನ್ನು ಬಿಡಿಸಿದವನಿಗೆ ರಾಜಕುಮಾರಿ ಇಸಾಬೆತ್ತಾಳನ್ನು ಕೊಟ್ಟು ಮದುವೆ, ಮೇಲೆ ಬಂದರಿನ ಅಧಿಕಾರ. ಒಂದು ತಪ್ಪಿದರೂ ಸೊಂಟಕ್ಕೆ ಕಲ್ಲು ಕಟ್ಟಿ ಕಡಲಿಗೆ."

ಪೆಲೋರಾ ಅಂಗೈಯಗಲದ ಬಂದರಿನ ಊರು. ಅಲ್ಲಿನ ಗಂಡಸರು ಚಪ್ಪಟೆ ಕಲ್ಲೊಂದನ್ನು ಅಪ್ಪಿಕೊಂಡು ಕಡಲ ತಳಕ್ಕಿಳಿದು ಸ್ಪಂಜು ಕೊಯ್ದು ತರುವವರು. ಸೊಂಟಕ್ಕೊಂದು ಹಗ್ಗ, ದೋಣಿಯಲ್ಲಿ ಆ ಹಗ್ಗ ಹಿಡಿಯುವವನೊಬ್ಬ. ದೊರೆಯ ವಂಶ ಹೊರಗಿನಿಂದ ಬಂದು ಕೋಟೆ ಹಿಡಿದು ಕೂತದ್ದು. ಊರಿನ ಸಂಗತಿಗಳನ್ನೆಲ್ಲ ಅವನು ತಿಳಿದಿದ್ದ, ಆದರೆ ಮೋಜಿಗೆ.

ಮೊದಲು ಬಂದವನು ರೇಷ್ಮೆ ವ್ಯಾಪಾರಿಯ ಮಗ. ದೊರೆ ಕೇಳಿದ: "ಬದುಕಿರುವಾಗ ನೀರಲ್ಲೇ ಇದ್ದರೂ ಯಾರಿಗೂ ಬೇಡ. ಸತ್ತ ಮೇಲೆ ಎಷ್ಟು ನೀರು ಕುಡಿದರೂ ಅದಕ್ಕೆ ತೃಪ್ತಿಯಿಲ್ಲ. ಯಾವುದದು?"

"ಮೀನು," ಎಂದ ಹುಡುಗ. ಅವನ ಹೊಸ ಬೂಟುಗಳನ್ನು ಕಾವಲುಗಾರರು ಮೊದಲೇ ಬಿಚ್ಚಿಟ್ಟುಕೊಂಡರು.

ಎರಡನೆಯವನು ದೊಡ್ಡ ಪಂಡಿತ. ಅವನಿಗೆ ಬೇರೆ ಒಗಟು: "ಒಂದು ಬಾಗಿಲಿದೆ. ತೆರೆದಿರುವಾಗ ಯಾರ ಕಣ್ಣಿಗೂ ಬೀಳುವುದಿಲ್ಲ, ಮುಚ್ಚಿದಾಗ ಮಾತ್ರ ಕಾಣುತ್ತದೆ. ಯಾವುದು?" ಪಂಡಿತ ಗಡ್ಡ ನೀವಿಕೊಂಡು, "ಮನುಷ್ಯನ ಮನಸ್ಸು," ಎಂದ. ದೊರೆ ಚಪ್ಪಾಳೆ ತಟ್ಟಿದ. "ಸೊಗಸಾಗಿದೆ. ಆದರೆ ತಪ್ಪು," ಎಂದ.

ಆಮೇಲೆ ಹೊರಗಿನವರು ಇತ್ತ ತಲೆ ಹಾಕಲಿಲ್ಲ. ದೊರೆಗೆ ಹೊತ್ತು ಹೋಗುವುದು ಕಷ್ಟವಾಯಿತು. ಊರಿನ ಮನೆಗೊಬ್ಬ ಮುಳುಗುಗಾರ ಬರಲೇಬೇಕೆಂದು ಹೇಳಿಕಳಿಸಿದ. ಕಡಲಂಚಿನ ಕಟ್ಟೆಯ ಮೇಲೆ ಸೇರಿದ್ದ ಸಭೆಯ ಮುಂದೆ ಹನ್ನೆರಡು ಮಂದಿ ಸಾಲಾಗಿ ನಿಂತರು. ಮೊದಲು ಸ್ತಮಾತಿ.

ಸ್ತಮಾತಿ ಅವೇ ಎರಡು ಒಗಟುಗಳನ್ನು ಥಟ್ಟನೆ ಬಿಡಿಸಿದ. ದೊರೆ ಮೂರನೆಯದನ್ನು ಕೇಳಿದ: "ಊರಾಚೆಯ ಗುಡ್ಡದಲ್ಲಿ ನೂರಾರು ಮಂದಿ ಮಲಗಿದ್ದಾರೆ. ಎಲ್ಲರಿಗೂ ತೂಕವಿದೆ, ಒಬ್ಬರಿಗೂ ಎಲುಬಿಲ್ಲ. ಯಾರವರು?"

ಸ್ತಮಾತಿಗೆ ಉತ್ತರ ಗೊತ್ತಿತ್ತು. ಸಾಲಿನಲ್ಲಿದ್ದ ಹನ್ನೊಂದು ಮಂದಿಗೂ ಗೊತ್ತಿತ್ತು. ಆದರೆ ಮುಳುಗುಗಾರನಾದವನು ಆ ಮಾತನ್ನು ಬಾಯಿಬಿಟ್ಟು ಆಡುವುದಿಲ್ಲ. ಆಡಿದರೆ ಅವನ ಮನೆಯವನೊಬ್ಬ ನೀರಿನಿಂದ ಮೇಲೆ ಬರುವುದಿಲ್ಲವೆಂದು ಅವರ ನಂಬಿಕೆ. ಇದು ದೊರೆಗೂ ಗೊತ್ತಿತ್ತು, ಪಾಪಿ. "ಆ ಮಾತು ಆಡಲಾರೆ," ಎಂದ ಸ್ತಮಾತಿ.

ಆಗ ನೋಡುತ್ತಿದ್ದ ಜನರ ನಡುವಿನಿಂದ ಅವನ ತಮ್ಮ ಯಾಕೂಮಿ ಮುಂದೆ ಬಂದ. ಚಿಕ್ಕಂದಿನಲ್ಲೇ ಕಿವಿಯ ತಮಟೆ ಒಡೆದು ಮುಳುಗುವ ಯೋಗ್ಯತೆ ಕಳೆದುಕೊಂಡವನು, ಅಣ್ಣನ ಹಗ್ಗ ಹಿಡಿದೇ ಬದುಕಿದವನು. "ಪ್ರಭು, ನಾನು ಹೇಳುತ್ತೇನೆ. ಅಣ್ಣನನ್ನು ಬಿಡಿ."

"ಅವನನ್ನು ಇಳಿಸುವುದು ಇಳಿಸುವುದೇ," ಎಂದ ದೊರೆ. "ಹಗ್ಗ ನಿನ್ನ ಕೈಯಲ್ಲಿರಲಿ. ಮೂರನ್ನೂ ನಿಧಾನವಾಗಿ ಬಿಡಿಸಿ ಹೇಳಿ ಮುಗಿಸಿದ ಮೇಲೆ ಎಳೆದುಕೋ. ಮೊದಲೇ ಎಳೆದರೆ ಇಬ್ಬರಿಗೂ ಕಲ್ಲು."

"ಬೇಡ ಕಣೋ," ಎಂದ ಸ್ತಮಾತಿ. ಅಷ್ಟರಲ್ಲಿ ಕಾವಲುಗಾರರು ಸೊಂಟಕ್ಕೆ ಕಲ್ಲು, ಹಗ್ಗ ಎರಡನ್ನೂ ಕಟ್ಟಿ ಅವನನ್ನು ಕಡಲಿಗೆ ತಳ್ಳಿದರು.

ಯಾಕೂಮಿ ಗಡಬಡಿಸಿ ಶುರು ಮಾಡಿದ. "ಮೊದಲನೆಯದು ಸ್ಪಂಜು. ಕಡಲಿಂದ ತಂದಾಗ ಕರ್ರಗೆ, ನಾತ. ಕಾಲಲ್ಲಿ ತುಳಿದು ಒಳಗಿನ ಹಾಲಿನಂಥ ರಸ ಹಿಂಡಿ ಸಾಯಿಸಿದ ಮೇಲೆ ನಿಮ್ಮ ಸ್ನಾನದ ಮನೆಗೆ ಬರುತ್ತದೆ."

"ಎಷ್ಟು ಹೊತ್ತು ತುಳಿಯಬೇಕು?" ಎಂದು ಕೇಳಿದ ದೊರೆ.

"ಅರ್ಧ ದಿನ, ಪ್ರಭು. ಎರಡನೆಯದು ಬಂದರಿನ ಬಾಯಿಗೆ ಕಟ್ಟಿದ ಸರಪಳಿ. ತೆರೆದಿದ್ದಾಗ ನೀರಡಿ ಬಿದ್ದಿರುತ್ತದೆ, ಮೇಲೆತ್ತಿದರೆ ಬಂದರು ಮುಚ್ಚಿತು."

"ಕೊನೆಯ ಬಾರಿ ಎತ್ತಿದ್ದು ಯಾವಾಗ? ಸಭೆಗೆ ತಿಳಿಯಲಿ."

"ನಮ್ಮಜ್ಜನ ಕಾಲದಲ್ಲಿ. ಕಡಲ್ಗಳ್ಳರು ಬಂದಾಗ ನಿಮ್ಮಜ್ಜ ಎತ್ತಿಸಿದರು. ನಮ್ಮ ಹದಿನಾಲ್ಕು ದೋಣಿಗಳು ಹೊರಗೇ ಉಳಿದವು. ಎಷ್ಟು ಕೂಗಿದರೂ ಇಳಿಸಲಿಲ್ಲ."

ಇಲ್ಲಿ ಯಾಕೂಮಿ ಒಂದು ಗಳಿಗೆ ತಡೆದ. ಕೈಯಲ್ಲಿದ್ದ ಹಗ್ಗ ನೋಡಿಕೊಂಡ. ಮತ್ತೆ ತಲೆಯೆತ್ತಿದಾಗ ಗಡಬಡಿ ಇರಲಿಲ್ಲ, ಒಂದೊಂದು ಮಾತನ್ನೂ ಬಿಡಿಬಿಡಿಯಾಗಿ ಆಡಿದ.

"ಮೂರನೆಯದು ಕಲ್ಲುಗಳು. ನಮ್ಮಲ್ಲಿ ಹಗ್ಗ ಹರಿದು ಮುಳುಗಿದವನ ಹೆಣ ಸಿಗುವುದಿಲ್ಲ. ಅವನು ಮನೆಯಲ್ಲಿಟ್ಟಿದ್ದ ಇನ್ನೊಂದು ಕಲ್ಲಿಗೆ ಎಣ್ಣೆ ಸವರಿ, ಅಂಗಿ ತೊಡಿಸಿ ಹೂಳುತ್ತೇವೆ. ಆ ಗುಡ್ಡದ ಗೋರಿಗಳಲ್ಲಿ ಇರುವುದು ಬರೀ ಕಲ್ಲು."

"ಸರಿ," ಎಂದ ದೊರೆ. ಯಾಕೂಮಿ ಹಗ್ಗ ಎಳೆದ. ಸ್ತಮಾತಿ ಬಂದ, ಕಣ್ಣು ತೆರೆದೇ ಇತ್ತು, ಜೀವವಿರಲಿಲ್ಲ.

ಈ ಕತೆ ಕೇಳಿದವರೆಲ್ಲ ಇಲ್ಲಿ ಸಿಟ್ಟಾಗುತ್ತಾರೆ. ದೊರೆಯ ಮುಖಕ್ಕೆ ಉಗಿದು ಹೋಗಬಾರದಿತ್ತೆ ಎನ್ನುತ್ತಾರೆ. ಯಾಕೂಮಿ ಉಗಿಯಲಿಲ್ಲ. ಬಂದರಿನ ಮುದ್ರೆಯುಂಗುರಕ್ಕೆ ಕೈಯೊಡ್ಡಿದ, ತೊಟ್ಟುಕೊಂಡ. ಅಧಿಕಾರ ಬಂದೊಡನೆ ಸಾಲಿನಲ್ಲಿದ್ದ ಹನ್ನೊಂದು ಮಂದಿಯನ್ನು ಮನೆಗೆ ಕಳಿಸಿದ. ಆ ವಾರವೇ ಮದುವೆಯಾಯಿತು. ಅವನ ತಾಯಿ ಬರಲಿಲ್ಲ. ತಮ್ಮ ಆ ಮಾತಾಡಿದ್ದಕ್ಕೇ ಅಣ್ಣ ಸತ್ತನೆಂದು ಅವಳು ಬಾಗಿಲು ಹಾಕಿಕೊಂಡಿದ್ದಳು.

ಮದುವೆಯೂಟದಲ್ಲಿ ದೊರೆ ಅಳಿಯನ ಕಡೆ ಬಾಗಿ ಕೇಳಿದ: "ಎಳೆಯುವ ಮುಂಚೆಯೇ ನಿನಗೆ ಗೊತ್ತಿತ್ತು, ಅಲ್ಲವೇ?"

"ಗೊತ್ತಿತ್ತು. ಸರಪಳಿಯ ವಿಷಯ ಹೇಳುತ್ತಿದ್ದಾಗ ಅಣ್ಣ ಮೂರು ಸಲ ಜಗ್ಗಿದ. ಆಮೇಲೆ ಹಗ್ಗ ಸುಮ್ಮನಾಯಿತು."

"ಹಾಗಿದ್ದೂ ಮೂರನೆಯದನ್ನು ಅಷ್ಟು ನಿಧಾನವಾಗಿ ಬಿಡಿಸಿ ಹೇಳಿದೆಯಲ್ಲ?"

"ನಾನು ಅಳುತ್ತಾ ಕೂತಿದ್ದರೆ ನೀವು ಮುಂದಿನವನನ್ನು ಕರೆಯುತ್ತಿದ್ದಿರಿ, ಮಾವ," ಎಂದ ಯಾಕೂಮಿ, ರೊಟ್ಟಿ ಮುರಿಯುತ್ತಾ.