ಗೂಟ ಕೊಡದ ಮೋನಮ್ಮ

ಬಹಳ ಹಿಂದೆ, ಹಲಗೆಪೇಟೆ ಎಂಬ ಊರಿನಲ್ಲಿ, ಮಾಘ ಶುದ್ಧ ಪಂಚಮಿಯ ದಿನ, ಬಿಸಿಲೇರಿ ಎರಡು ಗಳಿಗೆಯಾದಾಗ ಈ ಮಾತು ಶುರುವಾಯಿತಂತೆ. ಸಂವತ್ಸರ ಯಾವುದೆಂದು ಹೇಳುವವರು ಈಗಿಲ್ಲ.

ಹಲಗೆಪೇಟೆಯಲ್ಲಿ ಇಪ್ಪತ್ತು ಬಡಗಿ ಮನೆಗಳು. ಗಂಡಸರು ಮಂಚ ಮಾಡುವರು. ಮಂಚದ ಕೀಲಿಗೆ ಬಡಿಯುವ ಗೂಟವನ್ನು ಹೆಂಗಸರು ಕೆತ್ತುವರು. ಒಲೆಯ ಮೇಲಿನ ಅಟ್ಟದಲ್ಲಿ ವರ್ಷಗಟ್ಟಲೆ ಒಣಗಿದ ಜಾಲಿಯ ಗೂಟ. ಗಂಡಸರು ಕೆತ್ತಿದ ಗೂಟ ನಿಲ್ಲದು ಎಂಬುದು ಅಲ್ಲಿಯ ನಂಬಿಕೆ. ಆ ಹೆಂಗಸರಿಗೆಲ್ಲ ಹಿರಿಯಳು ಮೋನಮ್ಮ. ಹಲಗೆಗೆ ಕೆನ್ನೆ ಒತ್ತಿದರೆ ಸಾಕು, ಮರ ಉರುಳಿ ಎಷ್ಟು ದಿನವಾಯಿತೆಂದು ಹೇಳುತ್ತಿದ್ದಳಂತೆ. ಆ ಮರದಲ್ಲಿ ಗೂಡು ಕಟ್ಟಿದ್ದ ಹಕ್ಕಿ ಯಾವುದೆಂದೂ ಹೇಳುತ್ತಿದ್ದಳು ಎನ್ನುವವರುಂಟು.

ಪಾಳೆಯಗಾರನ ಮನೆಯ ಮದುವೆಗೆ, ವೈಶಾಖದೊಳಗೆ, ನಲವತ್ತು ಮಂಚ ಬೇಕೆಂದು ಪಾರುಪತ್ಯಗಾರ ಬಂದು ಹೇಳಿದ. ಮೋನಮ್ಮನ ತಮ್ಮ ಕಲ್ಲಾಚಾರಿ ಒಪ್ಪಿಕೊಂಡ. ಒಣಮರ ಅಷ್ಟಿರಲಿಲ್ಲ, ದೀಪಾವಳಿ ಕಳೆದು ಕಡಿದ ಹೊನ್ನೆಯನ್ನೇ ಕೊಯ್ಯಿಸಿದ. ಮೋನಮ್ಮ ಕೆನ್ನೆ ಒತ್ತಿ ನೋಡಿದಳು, ಹಸಿ. ಗೂಟ ಕೊಡುವುದಿಲ್ಲ ಎಂದಳು.

“ನಿನ್ನ ಕೆನ್ನೆಗೇ ಶೀತ ಆಗಿರಬೇಕು ನೋಡಕ್ಕ,” ಎಂದ ಕಲ್ಲಾಚಾರಿ. ನಕ್ಕವರು ನಕ್ಕರು. ಅವಳು ಕೂತಲ್ಲಿಂದ ಏಳಲಿಲ್ಲ. ಆಗ ಅವನ ದನಿ ಬದಲಾಯಿತು. “ಇಪ್ಪತ್ತು ಮನೆ ಒಲೆ ಆರಿಸ್ತೀಯೇನು?”

“ಹಲಗೆಪೇಟೆ ಮಂಚ ಮುರೀತು ಅಂತಾದ್ರೆ ಆಮೇಲೆ ಯಾವ ಒಲೆ ಮೇಲೆ ಏನಿಡ್ತೀಯೋ?”

ಉಳಿದ ಹೆಂಗಸರೂ ಅಟ್ಟದಿಂದ ಗೂಟ ಇಳಿಸಲಿಲ್ಲ. ಪಾರುಪತ್ಯಗಾರ ಕೆಲಸವನ್ನು ಹೊಳೆಯಾಚೆಯ ಊರಿಗೆ ಒಯ್ದ. ಪೇಟೆ ಮೂರು ತಿಂಗಳು ಅಂಬಲಿಯಲ್ಲಿ ಕಳೆಯಿತು. ಮೋನಮ್ಮನ ಸೊಸೆ ಬಾಣಂತಿ, ಅವಳಿಗೂ ಅಂಬಲಿಯೇ. ತಾನು ತಪ್ಪಿದ್ದರೆ ಎಂಬ ಅಳುಕು ಮೋನಮ್ಮನಿಗೆ ದಿನವೂ ಇತ್ತಂತೆ.

ವೈಶಾಖದ ಬಿಸಿಲಿಗೆ ಆಚೆಯೂರಿನ ಹಸಿಮರದ ಮಂಚಗಳ ಕೀಲು ಸಡಿಲಾದವು, ಹಲಗೆ ಸೀಳಿಹೋದವು. ಗಂಡಿನ ಸೋದರಮಾವ ಮಲಗಿದ್ದಂತೆಯೇ ನೆಲಕ್ಕೆ ಬಂದ. ಆ ಸದ್ದು ಮೂರೂರಿಗೆ ಕೇಳಿತಂತೆ. ಏಳೂರಿಗೆ ಎನ್ನುವವರೂ ಇದ್ದಾರೆ.

ಪಾರುಪತ್ಯಗಾರ ಮರಳಿ ಬಂದ. ನಲವತ್ತು ಮಂಚ, ಮಳೆಗಾಲಕ್ಕೆ ಮುಂಚೆ ಬೇಕೆಂದ. ಈ ಸಲ ಕಲ್ಲಾಚಾರಿ ಅಕ್ಕನ ಮುಖ ನೋಡಿದ. ಮರ ಎರಡು ಬೇಸಿಗೆ ನೆರಳಿನಲ್ಲಿ ಒಣಗಬೇಕು, ಕಾಯುವವರಿಗೆ ಮಾತ್ರ ಮಂಚ ಎಂದು ಮೋನಮ್ಮ ತೀರ್ಮಾನಿಸಿದಳು. ಪಾಳೆಯಗಾರ ಕಾದನಂತೆ.

ಈಗ ಹಲಗೆಪೇಟೆಯಲ್ಲಿ ಕುರ್ಚಿ, ಮೇಜು, ಬೀರು ಎಲ್ಲವನ್ನೂ ಮಾಡುತ್ತಾರೆ, ಗರಗಸ ಕರೆಂಟಿನದು. ಆದರೂ ಬೇಸಿಗೆ ಕಳೆದಾಗಲೊಮ್ಮೆ ಮನೆಯ ಹಿರಿಯ ಹೆಂಗಸು ದಿಮ್ಮಿಯ ತುದಿಗೆ ಸುಣ್ಣದ ಗೆರೆ ಎಳೆಯುತ್ತಾಳೆ. ಎರಡನೆಯ ಗೆರೆ ಬೀಳುವ ತನಕ, ಕೊಳ್ಳುವವರು ಬಾಗಿಲಲ್ಲೇ ನಿಂತಿದ್ದರೂ, ಅದಕ್ಕೆ ಗರಗಸ ತಾಗಿಸುವುದಿಲ್ಲ.