ಕಾಲಲ್ಲಿ ತೋರಿದ ದಾರಿ

ಬಹಳ ಹಿಂದೆ, ಯಾವ ರಾಜನ ಕಾಲವೆಂದು ಹೇಳುವವರೂ ಈಗಿಲ್ಲ, ನೇಕಾರರ ಊರೊಂದರಲ್ಲಿ ಸಾಣೆ ಫಕೀರವ್ವ ದಾರಿ ತಪ್ಪಿ ನಿಂತಿದ್ದಳಂತೆ. ಏಳು ಸೀಮೆ ತಿರುಗಿದ ಹೆಂಗಸು, ದಾರಿ ತಪ್ಪಿದ್ದು ಒಂದು ಓಣಿಯಲ್ಲಿ. ತಲೆಯ ಮೇಲೆ ಸಾಣೆಗಾಲಿ. ಗಂಡ ಇದ್ದಾಗ ಅವನು ತೊಗಲಿನ ಪಟ್ಟಿಯನ್ನು ಆಚೆಗೊಮ್ಮೆ ಈಚೆಗೊಮ್ಮೆ ಎಳೆದು ಗಾಲಿ ತಿರುಗಿಸುತ್ತಿದ್ದ, ಇವಳು ಹರಿತ ಮಾಡಲು ಅದಕ್ಕೆ ಕುಡುಗೋಲು ಹಿಡಿಯುತ್ತಿದ್ದಳು. ಅವನು ಹೋದ ಮೇಲೆ ಪಟ್ಟಿ ಎಳೆಯಲು ಊರೂರಲ್ಲಿ ಯಾರನ್ನಾದರೂ ಕಾಡಿ ಬೇಡಬೇಕು.

ಬಾಗಿಲೊಂದರ ಒಳಗೆ ಗುರಸಿದ್ದವ್ವ ಎಂಬಾಕೆ ನೇಯುತ್ತ ಕೂತಿದ್ದಳು.

"ಅಕ್ಕಾ, ಸಂತಿಗೆ ಯಾವ ದಾರಿ?"

ಆಕೆಯ ಎರಡೂ ಕೈ ಮಗ್ಗದಲ್ಲಿ. ಕಾಲೆತ್ತಿ ಹೆಬ್ಬೆರಳಿನಿಂದ ಬಲಕ್ಕೆ ತೋರಿಸಿ, ಮತ್ತೆ ತುಳಿಹಲಗೆ ತುಳಿಯತೊಡಗಿದಳಂತೆ.

"ಕಾಲಿಲೆ ದಾರಿ ತೋರಸ್ತೀ? ನಿನ್ನ ಸೊಕ್ಕಿಗೆ ಬೆಂಕಿ ಹತ್ತಲಿ!"

ಬೈದು ಫಕೀರವ್ವ ಬಲಕ್ಕೆ ಹೊರಳಿದಳು. ದಾರಿ ಸರಿಯಾಗಿಯೇ ಇತ್ತು. ಸ್ವಲ್ಪ ದೂರಕ್ಕೆ ಸಿಟ್ಟು ಇಳಿಯಿತು, ಆ ಕಾಲು ಮಾತ್ರ ಕಣ್ಣಿಂದ ಇಳಿಯಲಿಲ್ಲವಂತೆ. ಒಂದು ಹಲಗೆ ಕೆಳಗೆ, ಒಂದು ಮೇಲೆ.

ಮುಂದಿನ ಸಂತೆಗೆ ಅವಳ ಪಟ್ಟಿಯ ಎರಡು ತುದಿಗೆ ಎರಡು ತುಳಿಹಲಗೆ. ತುಳಿಯುವವಳೂ ಅವಳೇ, ಕುಡುಗೋಲು ಹಿಡಿಯುವವಳೂ ಅವಳೇ.

ಹೊಸ ಹತಾರ ತಂದವರಿಗೆ ಮೂರು ವರ್ಷ ಅದು ಅವರೊಬ್ಬರದೇ, ಇದು ಆ ಸಂತೆಯ ಕಟ್ಟಳೆ. ಸಾಣೆಯವರ ಹಿರಿಯ ದುರಗಪ್ಪ ಸಂತೆಯ ಯಜಮಾನರ ಮುಂದೆ ತಕರಾರು ಎತ್ತಿದ.

"ಗಾಲಿ ನಮ್ಮ ಹಿರ್ಯಾರದು, ಹಲಗಿ ನೇಕಾರರದು. ಈಕಿದು ಏನೈತ್ರೀ? ನಡುವಿನ ಗಂಟು! ಯಾರು ಬೇಕಾದ್ರೂ ಹಾಕ್ತಿದ್ರು."

ಯಜಮಾನರು ಹೌದೆಂದರೆ ಮರುವಾರವೇ ಹತ್ತು ಅಂಗಡಿಯಲ್ಲಿ ಹಲಗೆ, ಫಕೀರವ್ವನಿಗೆ ಮತ್ತೆ ಬೀದಿ.

ಯಜಮಾನರು ದುರಗಪ್ಪನ ಅಂಗಡಿ ಎಲ್ಲಿ ಎಂದು ಕೇಳಿದರಂತೆ. ನೇಕಾರರ ಓಣಿಯ ಬೆನ್ನಿಗೇ, ನಡುವೆ ಒಂದೇ ಗೋಡೆ. ಎಂದಿನಿಂದ? ಮುತ್ತಜ್ಜನ ಕಾಲದಿಂದ. ಮಗ್ಗದ ಸದ್ದು ಕೇಳಿಸುತ್ತದೆಯೇ?

"ಕೇಳದೇನ್ರೀ! ಮಧ್ಯಾಹ್ನ ಕಣ್ಣು ಮುಚ್ಚಾಕ ಬಿಡಂಗಿಲ್ಲ."

"ನಾಕು ತಲಿಮಾರು ಕೇಳಿದ್ರೂ ಆ ಗಂಟು ನಿಮಗ ಹೊಳೀಲಿಲ್ಲಲ್ಲೋ, ದುರಗ್ಯಾ!"

ಸಂತೆಗೆ ಸಂತೆಯೇ ನಕ್ಕಿತಂತೆ. ಮೂರು ವರ್ಷ ಫಕೀರವ್ವನದಾಯಿತು.

ಗೆದ್ದವಳು ನೆಟ್ಟಗೆ ಆ ಓಣಿಗೆ ನಡೆದಳಂತೆ. ಗುರಸಿದ್ದವ್ವನ ಕತ್ತರಿ ಇಸಿದುಕೊಂಡು, ಒಂದೊಂದೇ ಎಳೆ ಕತ್ತರಿಸುವಷ್ಟು ಹರಿತ ಮಾಡಿ ಕೈಗಿಟ್ಟಳು. ನಿನ್ನ ಋಣ ನನ್ನ ಮೇಲಿತ್ತು, ಆವತ್ತು ಬೈದದ್ದನ್ನೂ ಹಿಂದಕ್ಕೆ ತಗೊಂಡೆ ಎಂದಳಂತೆ.

"ಬೈದಿದ್ದೇನಬೇ?" ಅಂದಳು ಗುರಸಿದ್ದವ್ವ, ನೇಯುತ್ತಲೇ. "ಮಗ್ಗದ ಸದ್ದಿನಾಗ ಕೇಳಿರಾಕಿಲ್ಲ ಬಿಡು."

ಇವತ್ತಿಗೂ ಆ ಊರಿಗೆ ಸಾಣೆಯವರು ಬಂದರೆ ಮೊದಲ ಕತ್ತರಿ ನೇಕಾರರ ಓಣಿಯದು, ಅದಕ್ಕೆ ದುಡ್ಡು ಮುಟ್ಟುವುದಿಲ್ಲ. ದಾರಿ ಕೇಳಿದರೆ ಆ ಓಣಿಯವರು ಕಾಲಲ್ಲೇ ತೋರಿಸುತ್ತಾರೆ. ಯಾರೂ ಬೈಯುವುದಿಲ್ಲ.